ತಗ್ಗಿನ ಹೊಲದವಳ ಪ್ರಶ್ನೆ

ಭಾನುವಾರ, ಏಪ್ರಿಲ್ ೧೪

ಪ್ರೀತಿಯ ಗುಬ್ಬಿ,

ಹೇಗಿದ್ದೀಯೇ? ನಿನ್ನ ಪತ್ರ ಬಂದು ಯಾವ ಕಾಲವಾಯಿತು, ಉತ್ತರ ಬರೆಯದೆ ಕೂತಿದ್ದೇನೆ. ಬೈದುಕೋ. ನಿನ್ನ ಬೈಗುಳ ಕಿವಿಗೆ ಬೀಳದೆ ದಿನಗಳೇ ಸಪ್ಪೆಯಾಗಿಬಿಟ್ಟಿವೆ. ಪುರಸೊತ್ತಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಪುರಸೊತ್ತು ಬೇಕಾದಷ್ಟಿದೆ. ಅಮ್ಮನ ಮಂಡಿನೋವು ಹೇಗಿದೆ? ಮಗಳು ನಿನ್ನ ಎತ್ತರಕ್ಕೆ ಬಂದಳಾ? ಬಂದಿದ್ದರೆ ಅದೇನು ದೊಡ್ಡ ಸಾಧನೆಯಲ್ಲ ಬಿಡು, ನಿನ್ನ ಎತ್ತರ ನನಗೆ ಗೊತ್ತಿಲ್ಲವೇ!

ನೀನು ಕೆಲಸ ಬಿಟ್ಟು ಆ ಚಿಪ್ಸ್ ಕಂಪನಿ ಸೇರಿದ ಮೇಲೆ ನಮ್ಮ ಪ್ರಯೋಗಾಲಯ ತುಂಬ ಅಚ್ಚುಕಟ್ಟಾಗಿದೆ. ಅಂದರೆ ಯಾರೂ ಏನನ್ನೂ ಚೆಲ್ಲುವುದಿಲ್ಲ, ನಗುವುದೂ ಇಲ್ಲ. ನಿನ್ನ ಜಾಗಕ್ಕೆ ಬಂದವರು ಒಳ್ಳೆಯವರೇ. ಬೆಳಿಗ್ಗೆ "ನಮಸ್ಕಾರ ಮೇಡಂ" ಅಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡರೆ ಸಂಜೆ "ಬರ್ತೀನಿ ಮೇಡಂ" ಅನ್ನುವಾಗಲೇ ತೆಗೆಯುವುದು. ಮಧ್ಯಾಹ್ನ ನಾನು ಕಿಟಕಿ ಪಕ್ಕದ ಕಲ್ಲಿನ ಮೇಜಿನ ಮೇಲೆ ಡಬ್ಬಿ ಬಿಚ್ಚಿ, ಬಿತ್ತನೆ ಗಡ್ಡೆಗಳ ತಟ್ಟೆ ನೋಡುತ್ತಾ ಉಣ್ಣುತ್ತೇನೆ. ಅವಕ್ಕೆಲ್ಲ ಕಣ್ಣು ಮೂಡಿವೆ. ನನ್ನನ್ನು ನೋಡುವುದಕ್ಕಾದರೂ ಅಷ್ಟು ಕಣ್ಣುಗಳಿವೆಯಲ್ಲ ಎಂದುಕೊಳ್ಳುತ್ತೇನೆ.

ದೊಡ್ಡ ಸುದ್ದಿ ನಮ್ಮ ಕೆಂಪಿಯದು. ನಾವಿಬ್ಬರೂ ಕೆಸರಲ್ಲಿ ಬಿದ್ದು ಎದ್ದು ಬೆಳೆಸಿದ ಆಲೂಗಡ್ಡೆ ತಳಿಯನ್ನು ಕೊನೆಗೂ ಹೊರಗಿನವರಿಗೆ ತೋರಿಸಿದೆವು. ಕಳೆದ ತಿಂಗಳು ರೈತರನ್ನೂ ಕಂಪನಿಯವರನ್ನೂ ಒಂದೇ ಸಭಾಂಗಣದಲ್ಲಿ ಕೂರಿಸಿದರು. ಮುಂದೆ ಕಂಪನಿಗಳಿಗೆ ಸೋಫಾ, ಹಿಂದೆ ರೈತರಿಗೆ ಪ್ಲಾಸ್ಟಿಕ್ ಕುರ್ಚಿ. ಬಾಗಿಲ ಹತ್ತಿರ ಬೇಯಿಸಿದ ಕೆಂಪಿ ತುಂಬಿದ ದೊಡ್ಡ ತಟ್ಟೆ, ಪಕ್ಕದಲ್ಲಿ ಉಪ್ಪು.

ನಾನು ವೇದಿಕೆ ಹತ್ತುವ ಮುಂಚೆ ನಮ್ಮ ಸಂಸ್ಥೆಯ ನಿರ್ದೇಶಕರು ಪಕ್ಕಕ್ಕೆ ಕರೆದರು. "ಮೇಡಂ, ಆ ಕೊಳೆತ ಸಾಲಿನ ವಿಷಯ ಇವತ್ತು ಎತ್ತಬೇಡಿ. ಅದನ್ನ ಆಮೇಲೆ ನೋಡ್ಕೊಳ್ಳೋಣ. ಕಂಪನಿಯವರು ಒಪ್ಪಂದಕ್ಕೆ ತಯಾರಾಗೇ ಬಂದಿದ್ದಾರೆ" ಎಂದರು. ಕೆಟ್ಟ ಮನುಷ್ಯರಲ್ಲ ಅವರು. ಪಾಪ, ಹೊಸ ಶೀತಲಗೃಹ ಬೇಕು ಎಂದು ಕಂಡಕಂಡ ಬಾಗಿಲು ತಟ್ಟಿದವರು. ನಾನು ತಲೆಯಾಡಿಸಿದೆ.

ಮಾತು ಚೆನ್ನಾಗಿಯೇ ಹೋಯಿತು. ಅಂಗಮಾರಿ ರೋಗಕ್ಕೆ ಪಕ್ಕದ ಸಾಲುಗಳೆಲ್ಲ ಸುಟ್ಟಂತೆ ಒಣಗಿ ನಿಂತಾಗ ಕೆಂಪಿ ಮಾತ್ರ ಹಸಿರಾಗಿದ್ದ ಚಿತ್ರ ತೋರಿಸಿದೆ. ಸಭೆಯೆಲ್ಲ "ಓಹೋ" ಎಂದಿತು. ಕಂಪನಿಯ ಖರೀದಿ ಅಧಿಕಾರಿ "ಎಣ್ಣೆಗೆ ಹಾಕಿದ್ರೆ ಕಪ್ಪಾಗಲ್ವಾ?" ಎಂದು ಕೇಳಿದರು. ಆಗಲ್ಲ ಎಂದೆ. ಬರೆದುಕೊಂಡರು.

ಆಗ ಹಿಂದಿನಿಂದ ತಲೆಗೆ ಬಟ್ಟೆ ಕಟ್ಟಿದ ಒಬ್ಬ ಹೆಂಗಸು ಎದ್ದಳು. "ನಮ್ದು ತಗ್ಗಿನ ಹೊಲ ಕಣಮ್ಮಾ. ಮಳೆ ಬಂದ್ರೆ ನೀರು ನಿಂತುಬಿಡುತ್ತೆ. ಇದನ್ನ ಹಾಕಬಹುದಾ?"

ನಿರ್ದೇಶಕರು ಕೆಮ್ಮಿದರು. "ಅದೆಲ್ಲ ಆಮೇಲೆ ಮಾತಾಡೋಣ" ಎಂದು ನಾನೂ ಹೇಳಿಬಿಡಬಹುದಿತ್ತು. ಆದರೆ ಅವಳು ಕೂರಲಿಲ್ಲ ಕಣೇ, ಕುರ್ಚಿ ಹಿಡಿದುಕೊಂಡು ನನ್ನನ್ನೇ ನೋಡುತ್ತಾ ನಿಂತಿದ್ದಳು.

"ಹಾಕಬೇಡಿ. ನೀರು ನಿಂತ್ರೆ ಮೇಲೆ ಗಿಡ ಚೆನ್ನಾಗೇ ಕಾಣುತ್ತೆ, ಕೆಳಗೆ ಗಡ್ಡೆ ಕೊಳೆತಿರುತ್ತೆ. ನಮ್ಮ ತೋಟದಲ್ಲೇ ಒಂದು ಸಾಲು ಪೂರ್ತಿ ಹೋಯ್ತು" ಎಂದುಬಿಟ್ಟೆ. ಶುರು ಮಾಡಿದ ಮೇಲೆ ಎಲ್ಲವನ್ನೂ ಹೇಳಿದೆ.

ಖರೀದಿ ಅಧಿಕಾರಿ ಲ್ಯಾಪ್‌ಟಾಪ್ ಮುಚ್ಚಿದರು. ಅವರು ಏಳುತ್ತಿದ್ದಂತೆ ಸೋಫಾದ ಸಾಲು ಸಾಲೇ ಎದ್ದಿತು. ರೈತರಾದರೂ ಮೆಚ್ಚಿಕೊಂಡರು ಎಂದುಕೊಂಡೆಯಾ? ಎಲ್ಲಿಯ ಮಾತು! "ಬೇಡ ಅನ್ನೋಕೆ ನಮ್ಮನ್ನ ಇಷ್ಟು ದೂರ ಕರೆಸಿದ್ರಾ?" ಎಂದು ಒಬ್ಬರು ರೇಗಿದರು. ದಿಬ್ಬದ ಮೇಲೆ ಹೊಲ ಇದ್ದ ಕೆಲವರು ಬಿತ್ತನೆ ಗಡ್ಡೆ ಒಯ್ದರು. ಉಳಿದವರು ಬಸ್ಸು ಹಿಡಿಯಲು ಹೊರಟರು. ಖಾಲಿ ಸಭಾಂಗಣದಲ್ಲಿ ನಾನೊಬ್ಬಳೇ ಆ ತಟ್ಟೆಯ ಮುಂದೆ ಕೂತು, ತಣ್ಣಗಾದ ಕೆಂಪಿಗೆ ಉಪ್ಪು ಹಚ್ಚಿಕೊಂಡು ತಿಂದೆ. ರುಚಿ ಚೆನ್ನಾಗಿದೆ ಗುಬ್ಬಿ. ರುಚಿಯ ವಿಷಯದಲ್ಲಿ ನಾವು ಸೋಲಲಿಲ್ಲ.

ಮಾರನೆಯ ದಿನ ನಿರ್ದೇಶಕರು ಜೋರು ಮಾಡಲಿಲ್ಲ. "ಇನ್ನು ನೀವು ಹೊಲ ನೋಡ್ಕೊಳ್ಳಿ ಮೇಡಂ, ಮಾತು ನಾವು ನೋಡ್ಕೊಳ್ತೀವಿ" ಎಂದರು, ಅಷ್ಟೇ. ಇಯರ್‌ಫೋನಿನವರು ಈಗ ಕೆಂಪಿಯ ಪರವಾಗಿ ಮಾತಾಡುತ್ತಾರೆ. ಕಂಪನಿಯಿಂದ ಇವತ್ತಿನವರೆಗೂ ಫೋನ್ ಬಂದಿಲ್ಲ.

ಆ ತಗ್ಗಿನ ಹೊಲದವಳು ಮಾತ್ರ ವಾರ ಕಳೆದ ಮೇಲೆ ಗೇಟಿನ ಹತ್ತಿರ ಬಂದು ನಿಂತಿದ್ದಳು. "ಬೇಡ ಅಂದ್ರಿ, ಸರಿ. ಹಾಗಾದ್ರೆ ಏನು ಹಾಕಲಿ ಅಂತ ಹೇಳಲೇ ಇಲ್ವಲ್ಲ!" ಎಂದು ಗದರಿದಳು. ನೆಲ ನೋಡದೆ ಹೇಗೆ ಹೇಳಲಿ ಎಂದೆ. "ಬಂದು ನೋಡಿ ಮತ್ತೆ" ಎಂದಳು. ಹೋದೆ. ಮಣ್ಣನ್ನು ಮೊಣಕಾಲೆತ್ತರಕ್ಕೆ ಏರಿಸಿ, ನಡುವೆ ಕಾಲುವೆ ತೆಗೆದು, ಒಂದು ಮೂಲೆಯಲ್ಲಿ ಕೆಂಪಿಯನ್ನೇ ಹಾಕಿದ್ದೇವೆ. ಕೊಳೆತರೆ ನಷ್ಟ ಸಂಸ್ಥೆಯದು ಎಂದು ನಿರ್ದೇಶಕರಿಂದ ಹೇಗೋ ಒಪ್ಪಿಗೆ ಪಡೆದೆ. ಅವಳಿಗೆ ಮಾತು ಕಡಿಮೆ, ನನಗೆ ಈಗ ಅಭ್ಯಾಸ ತಪ್ಪಿದೆ. ಇಬ್ಬರೂ ಬದುವಿನ ಮೇಲೆ ಸುಮ್ಮನೆ ಕೂತಿರುತ್ತೇವೆ. ಗಿಡವೇನೋ ಎದ್ದಿದೆ. ಕೆಳಗೆ ಏನಾಗಿದೆಯೋ ಅಗೆದಾಗಲೇ ಗೊತ್ತಾಗುವುದು.

ಬರೆದೂ ಬರೆದೂ ಕೈ ಸೋತಿತು. ಅಮ್ಮನನ್ನು ಕೇಳಿದೆ ಎಂದು ಹೇಳು. ಮಗಳು ನಗುನಗುತ್ತಾ ಬೆಳೆಯಲಿ. ನೀನು ಹೊತ್ತಿಗೆ ಸರಿಯಾಗಿ ಉಣ್ಣು, ಕೆಲಸದ ಗಡಿಬಿಡಿಯಲ್ಲಿ ಊಟ ಮರೆಯುವವಳು ನೀನು. ಎಲ್ಲಿದ್ದರೂ ತಣ್ಣಗಿರು.

ನಿನ್ನ
ಗಂಟುಮೋರೆ

ಮರೆತ ಮಾತು: ಆ ದಿನ ನೀನು ಎರಡನೇ ಸೋಫಾದಲ್ಲಿ, ನಿಮ್ಮ ಖರೀದಿ ಅಧಿಕಾರಿಯ ಹಿಂದೆ ಕೂತಿದ್ದೆ. ಕೂದಲು ಕತ್ತರಿಸಿಕೊಂಡಿದ್ದೀಯ, ಆದರೂ ಗುರುತು ಹತ್ತದೇ ಇರುತ್ತದೆಯೇ? ಕೊಳೆತ ಸಾಲನ್ನು ಮೊದಲು ಅಗೆದು ನೋಡಿದ್ದು ನೀನೇ. ನಾನು ಹೇಳಿದ್ದು ನಿಜ ಎಂದು ಬಲ್ಲವರು ಆ ಸಭೆಯಲ್ಲಿ ನಿನ್ನಷ್ಟು ಬೇರೆ ಯಾರೂ ಇರಲಿಲ್ಲ. ನೀನು ಎದ್ದು ಮಾತಾಡಲಿ ಎಂದು ನಾನು ಕಾಯಲಿಲ್ಲ ಕಣೇ. ಕೆಲಸದ ಕಷ್ಟ ನನಗೂ ಗೊತ್ತು. ಹೋಗುವಾಗ ಒಂದು ಸಲ ನನ್ನ ಕಡೆ ನೋಡುತ್ತೀಯ ಎಂದು ಕಾದೆ. ನೀನು ಎದ್ದು ಹೋದ ಮೇಲೆ ಏನಾಯಿತು ಎಂದು ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ಅದಕ್ಕೇ ಇಷ್ಟು ಬರೆದೆ.