ನಿಮ್ಮ ‘ನಮ್ಮ ಹುಡುಗ’ನ ಕಾಫಿ

ಹೋಟೆಲಿನ ನಾಲ್ಕನೇ ಮಹಡಿ, ಕಿಟಕಿ ಪಕ್ಕದ ಮೇಜು
ಗುರುವಾರ, ಹನ್ನೆರಡನೇ ತಾರೀಖು, ಸಂಜೆ

ಪ್ರೀತಿಯ ಅಪ್ಪಾ,

ನಮಸ್ಕಾರ. ಕೆಮ್ಮು ಹೇಗಿದೆ? ಡಾಕ್ಟರು ಬರೆದುಕೊಟ್ಟ ಸಿರಪ್ ಕುಡಿಯುತ್ತಿದ್ದೀರೋ, ಅಮ್ಮ ಆಚೆ ತಿರುಗಿದ ಕೂಡಲೇ ಸಿಂಕಿಗೆ ಸುರಿಯುತ್ತಿದ್ದೀರೋ? ಅಮ್ಮನ ಮೊಣಕಾಲು ಈಗ ಮೆಟ್ಟಿಲು ಹತ್ತುವಷ್ಟಾದರೂ ಸರಿಹೋಯಿತಾ? ನಾನು ಚೆನ್ನಾಗಿದ್ದೇನೆ. ಫೋನು ಕೈಯಲ್ಲೇ ಇರುವಾಗ ಕಾಗದ ಯಾಕೆ ಬರೀತಾಳೆ ಇವಳು ಅಂತ ಅಂದುಕೊಳ್ಳುತ್ತಿದ್ದೀರಿ, ಗೊತ್ತು. ಫೋನಿನಲ್ಲಿ ನೀವು ‘ಊಟ ಆಯ್ತಾ? ತಡಿ, ನಿಮ್ಮಮ್ಮಂಗೆ ಕೊಡ್ತೀನಿ’ ಅನ್ನುವುದಕ್ಕಿಂತ ಒಂದು ಮಾತು ಹೆಚ್ಚಿಗೆ ಆಡಿದ್ದುಂಟಾ? ನನ್ನ ಜೊತೆ ತರಬೇತಿಗೆ ಬಂದ ಆಫೀಸಿನ ಮೇಡಂ ನಾಳೆ ಬೆಳಿಗ್ಗೆಯೇ ಊರಿಗೆ ಹೊರಡುತ್ತಿದ್ದಾರೆ. ಅವರ ಕೈಲಿ ಕೊಟ್ಟು ಕಳಿಸುತ್ತಿದ್ದೇನೆ. ಕಾಗದವನ್ನಾದರೆ ಮಧ್ಯದಲ್ಲೇ ಅಮ್ಮನ ಕೈಗೆ ದಾಟಿಸಲಾಗುವುದಿಲ್ಲ. ಕನ್ನಡಕ ಹಾಕಿಕೊಂಡು ಪೂರ್ತಿ ನೀವೇ ಓದಬೇಕು.

ಹೊರಡುವಾಗ ನೀವು ಹೇಳಿದ ಕೆಲಸ ಮರೆತಿಲ್ಲ. ಇನ್ನು ಹೊಗೆಯ ಸಹವಾಸ ಸಾಕು ಅಂತ ಡಾಕ್ಟರು ಖಡಾಖಂಡಿತವಾಗಿ ಹೇಳಿದ ಮೇಲೆ, ಕಾಫಿ ಬೀಜ ಹುರಿಯುವ ನಮ್ಮ ಮಷಿನ್ನನ್ನು ಈ ಊರಿನಲ್ಲಿರುವ ‘ನಮ್ಮ ಹುಡುಗ’ನಿಗೆ ಕಳಿಸುವುದು ಅಂತ ನೀವೇ ತೀರ್ಮಾನ ಮಾಡಿದಿರಿ. ಮನೆಯಲ್ಲಿ ಒಂದು ಮಾತು ಕೇಳಲಿಲ್ಲ. ಸೋಮವಾರ ಬಡಗಿ ಬಂದು ಪೆಟ್ಟಿಗೆ ಹೊಡೆಯುತ್ತಾನಂತೆ, ಆಮೇಲೆ ಹಡಗಂತೆ. ನನಗೆ ಹೇಳಿದ್ದು ಇಷ್ಟೇ: ‘ಹೆಂಗೂ ಅದೇ ಊರಿಗೆ ಹೋಗ್ತಿದ್ದೀಯಲ್ಲ, ಅವನ ಅಂಗಡಿ ಬಾಗಿಲು ಎಷ್ಟಗಲ ಇದೆ ಅಳ್ಕೊಂಡು ಬಾ.’ ಮೂಟೆ ಹೊರುವುದಕ್ಕೆ ಅಂತ ನಮ್ಮ ಕಾಫಿಪುಡಿ ಅಂಗಡಿಗೆ ಸೇರಿಕೊಂಡವನು, ನಿಮ್ಮ ಪಕ್ಕ ನಿಂತು ಹುರಿಯುವುದು ಕಲಿತು, ದೇಶ ಬಿಟ್ಟು ಬಂದು ಸ್ವಂತ ಅಂಗಡಿ ಇಟ್ಟು, ಮೀಸೆಯಲ್ಲಿ ಬಿಳಿ ಕೂದಲು ಬಂದ ಮೇಲೂ ನಿಮ್ಮ ಬಾಯಲ್ಲಿ ಅವನು ‘ನಮ್ಮ ಹುಡುಗ’. ಸ್ವಂತ ಮಗಳು ನಾನು ‘ಇವಳು’. ಹೊಟ್ಟೆಕಿಚ್ಚು ಅನ್ನಿ, ಬೇಡ ಅನ್ನುವುದಿಲ್ಲ. ಹೊಟ್ಟೆಕಿಚ್ಚೇ.

ಬಂದ ದಿನವೇ ಅವನ ಅಂಗಡಿಗೆ ಹೋಗಬಹುದಿತ್ತು. ಹೋಗಲಿಲ್ಲ. ಅವನಿಗಿಂತ ಒಳ್ಳೆಯ ಕಾಫಿ ಮಾಡುವವರು ಈ ಊರಿನಲ್ಲೇ ಬೇಕಾದಷ್ಟು ಜನ ಇದ್ದಾರೆ ಅಂತ ನಿಮಗೆ ಬರೆಯಬೇಕು ಅನ್ನುವ ಹಟ ನನಗೆ. ಅದಕ್ಕೇ ಮೊದಲು ಬೇರೆಯವರ ಕಾಫಿ ರುಚಿ ನೋಡಲು ಹೊರಟೆ. ಹೋಟೆಲಿನದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅಲ್ಲೊಂದು ಪೆಟ್ಟಿಗೆ ಇದೆ, ಗುಂಡಿ ಒತ್ತಿದರೆ ಗೊರಗೊರ ಅಂತ ಗಂಟಲು ಸರಿಮಾಡಿಕೊಂಡು ಲೋಟಕ್ಕೆ ಉಗುಳುತ್ತದೆ. ಟ್ರಾಮ್ ನಿಲ್ಲುವ ಜಾಗದ ಎದುರು ಒಂದು ಅಂಗಡಿ, ಗೋಡೆಯೆಲ್ಲ ಗಾಜು. ಅಲ್ಲಿ ಒಬ್ಬ ತರುಣ ಹಾಲಿನಲ್ಲಿ ಎಲೆಯ ಚಿತ್ರ ಬಿಡಿಸಿ, ನಾನು ಹೊಗಳುತ್ತೇನೋ ಇಲ್ಲವೋ ಅಂತ ನೋಡುತ್ತಾ ನಿಂತ. ಚಿತ್ರ ಚೆನ್ನಾಗಿತ್ತು. ಕುಡಿದರೆ ಹುಳಿ. ಹುರಿದಿದ್ದಾನೋ, ಬೀಜವನ್ನು ಒಂದು ಗಳಿಗೆ ಬಿಸಿಲಿಗೆ ಇಟ್ಟು ತೆಗೆದಿದ್ದಾನೋ ಅನ್ನುವ ಹಾಗೆ. ಕೋರ್ಟಿನ ಹಿಂದಿನ ಗಲ್ಲಿಯಲ್ಲಿ ಇನ್ನೊಂದು. ಅಲ್ಲಿ ಕುರ್ಚಿಯೇ ಇಲ್ಲ, ಕಪ್ಪು ಕೋಟಿನ ವಕೀಲರೆಲ್ಲ ನಿಂತೇ ಗುಟುಕರಿಸಿ ಓಡುತ್ತಾರೆ. ಅವರು ಓಡುವುದು ಯಾಕೆ ಅಂತ ಒಂದು ಗುಟುಕಿಗೇ ನನಗೆ ಅರ್ಥವಾಯಿತು, ಸೀದ ಬಾಣಲೆ ತೊಳೆದ ನೀರು ಅದು.

ಕೊನೆಗೆ ಸಿಕ್ಕಿತು ನೋಡಿ, ಎಲ್ಲಿ ಅಂತೀರಿ, ಬಟ್ಟೆ ಒಗೆಯುವ ಅಂಗಡಿಯಲ್ಲಿ! ಒಂದು ಕಡೆ ಸಾಲಾಗಿ ವಾಷಿಂಗ್ ಮಷಿನ್‌ಗಳು ಗಿರಗಿರ ತಿರುಗುತ್ತಿವೆ, ಇನ್ನೊಂದು ಕಡೆ ಸಣ್ಣ ಕಟ್ಟೆ, ಅದರ ಹಿಂದೆ ಏಪ್ರನ್ ಕಟ್ಟಿಕೊಂಡ ದಪ್ಪನೆಯ ಹೆಂಗಸು. ಬಟ್ಟೆ ಒಣಗುವವರೆಗೆ ಜನ ಬೇಜಾರು ಮಾಡಿಕೊಳ್ಳಬಾರದಲ್ಲ ಅಂತ ಕಾಫಿ ಮಾಡುತ್ತಾಳೆ. ಸೋಪಿನ ವಾಸನೆಯ ನಡುವೆ ಆ ಕಾಫಿ ನಾಲಿಗೆ ಮೇಲೆ ನಿಂತಿತು ಅಪ್ಪಾ. ಎಷ್ಟು ಖುಷಿಯಾಯಿತು ಅಂದರೆ, ಹೋಟೆಲಿಗೆ ಹೋಗಿ ನಿಮಗೆ ಕಾಗದ ಬರೆಯಲು ಶುರು ಮಾಡಿಯೇಬಿಡಬೇಕು ಅಂದುಕೊಂಡೆ. ಗೆದ್ದೆ ಅಂತ ಇನ್ನೊಂದು ಲೋಟ ಹೇಳಿದೆ. ಬೀಜ ಎಲ್ಲಿಂದ ತರಿಸ್ತೀರಿ ಅಂತ ಕೇಳಬಾರದಿತ್ತು. ಕೇಳಿದೆ. ಅವಳು ಅಲಮಾರಿಯಲ್ಲಿದ್ದ ಚೀಲ ತಿರುಗಿಸಿ ತೋರಿಸಿದಳು. ಇಳಿಜಾರು ರಸ್ತೆಯ ತುದಿಯ ಅಂಗಡಿ, ಅಲ್ಲೊಬ್ಬ ಮೀಸೆಯವನು ಹುರಿಯುತ್ತಾನೆ, ಇಷ್ಟು ದೂರದಿಂದ ಬಂದು ಅಲ್ಲಿಗೆ ಹೋಗದೆ ವಾಪಸ್ಸು ಹೋಗಬೇಡಿ ಅಂತ ಉಪದೇಶ ಬೇರೆ. ಮೈಯೆಲ್ಲ ಉರಿದುಹೋಯಿತು. ಹೇಳಿದ ಎರಡನೇ ಲೋಟ ಬಿಡಲಾಗುತ್ತದಾ, ಅದನ್ನೂ ಕುಡಿದೇ ಎದ್ದೆ.

ಇವತ್ತು ಮಧ್ಯಾಹ್ನ ತರಬೇತಿ ಬೇಗ ಮುಗಿಯಿತು. ಇನ್ನು ತಪ್ಪಿಸಿಕೊಳ್ಳಲು ನೆಪ ಉಳಿದಿರಲಿಲ್ಲ, ಇಳಿಜಾರು ಹತ್ತಿದೆ. ಹಸಿರು ಬಾಗಿಲು, ಎರಡು ಮೆಟ್ಟಿಲು, ಮೆಟ್ಟಿಲಿನ ಮೇಲೂ ಜನ. ಕಟ್ಟೆಯ ಹಿಂದಿನಿಂದ ನನ್ನನ್ನು ನೋಡಿದ್ದೇ ‘ಅಕ್ಕಾ!’ ಅಂತ ಕೂಗಿ, ನಿಂತ ಗಿರಾಕಿಗಳನ್ನೆಲ್ಲ ಹಾಗೇ ಬಿಟ್ಟು ಓಡಿಬಂದ. ನನಗಿಂತ ಎರಡು ವರ್ಷಕ್ಕೆ ದೊಡ್ಡವನು, ಆದರೂ ಅಕ್ಕ ಅನ್ನುವುದು ಬಿಟ್ಟಿಲ್ಲ. ಒಬ್ಬ ಮನುಷ್ಯನನ್ನು ದ್ವೇಷಿಸಬೇಕು ಅಂತ ಬಂದಾಗ ಅವನು ಹೀಗೆಲ್ಲ ಮಾಡಬಾರದು. ಗೋಡೆಯ ಮೇಲೆ ನಿಮ್ಮ ಫೋಟೋ ಹಾಕಿದ್ದಾನೆ, ಮಷಿನ್ ಪಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಿದ್ದೀರಲ್ಲ, ಅದು. ಆ ಫೋಟೋ ತೆಗೆದಾಗ ನಾನೂ ಇದ್ದೆ, ಹಿಂದೆ ಮೂಟೆಯ ಮೇಲೆ ಕೂತು ಲೆಕ್ಕ ಮಾಡುತ್ತಿದ್ದೆ. ಚೌಕಟ್ಟಿಗೆ ಹೊಂದಿಸಲು ಕತ್ತರಿಸಿದವರು ಯಾರೋ, ನನ್ನ ಅರ್ಧ ಜಡೆ ಮಾತ್ರ ಉಳಿದಿದೆ. ಅವನು ಕೊಟ್ಟ ಕಾಫಿ ಕೆಟ್ಟದಾಗಿರಲಿ ಅಂತ ಬೇಡಿಕೊಂಡೇ ಬಾಯಿಗಿಟ್ಟೆ. ನಿಮ್ಮದೇ ಅಪ್ಪಾ. ನೀವು ಹುರಿದದ್ದೇ. ಕಣ್ಣಲ್ಲಿ ನೀರು ಬಂತು, ಬಿಸಿ ಜಾಸ್ತಿ ಅಂತ ಅವನ ಮೇಲೇ ರೇಗಿದೆ.

ಅವನು ಹುರಿಯುವ ಮಷಿನ್ ಬಾಗಿಲ ಪಕ್ಕದಲ್ಲೇ ಇದೆ, ನಮ್ಮದರ ಅರ್ಧದಷ್ಟೂ ಇಲ್ಲ. ನಮ್ಮದು ಬರುತ್ತದೆ ಅಂತ ಎದುರಿನ ಮೂಲೆ ಖಾಲಿ ಮಾಡಿಸಿ ಬಣ್ಣ ಹೊಡೆಸಿಟ್ಟಿದ್ದಾನೆ. ಹುರಿಯಲು ಹಾಕಿದ ಬೀಜ ಒಳಗೆ ತಿರುಗುತ್ತಿತ್ತು. ನಾನು ಪರ್ಸಿನಿಂದ ಟೇಪು ತೆಗೆದು (ಲಿಫ್ಟ್ ತಪಾಸಣೆ ಮಾಡುವವಳ ಪರ್ಸಿನಲ್ಲಿ ಬಾಚಣಿಗೆ ಇಲ್ಲದಿದ್ದರೂ ಟೇಪು ಇರುತ್ತದೆ) ಬಾಗಿಲು ಅಳೆಯುತ್ತಾ ಮೊಣಕಾಲೂರಿ ಕೂತಿದ್ದೆ, ಮಷಿನ್ನಿಗೆ ಬೆನ್ನು ಹಾಕಿ. ಅವನು ಯಾವುದೋ ಮುದುಕಿಗೆ ಪುಡಿ ತೂಗಿಕೊಡುತ್ತಾ ಮಾತಿಗೆ ನಿಂತಿದ್ದ. ನಿಮಗೆ ಗೊತ್ತಲ್ಲ, ಬೀಜ ಮೊದಲು ಚಟಚಟ ಅಂತ ಜೋರಾಗಿ ಸಿಡಿದು, ಆಮೇಲೆ ಸುಮ್ಮನಾಗಿ, ಮತ್ತೆ ಸಣ್ಣಗೆ ಚಿರಚಿರ ಅನ್ನುವುದಕ್ಕೆ ಶುರುವಾಗುವ ಗಳಿಗೆ. ಆಗ ನಮ್ಮ ಅಂಗಡಿಯಲ್ಲಿ ಯಾರೂ ಉಸಿರೆತ್ತುವ ಹಾಗಿರಲಿಲ್ಲ. ರೇಡಿಯೋ ಆಫ್, ಗಿರಾಕಿಯ ಬಾಯಿ ಬಂದ್. ನೀವು ಕಣ್ಣು ಮುಚ್ಚಿ ಕೇಳಿಸಿಕೊಂಡು ‘ತೆಗಿ!’ ಅಂತ ಕೂಗುತ್ತಿದ್ದಿರಿ, ಅವನು ಹಿಡಿ ಎಳೆಯುತ್ತಿದ್ದ. ಇವತ್ತು ಆ ಮುದುಕಿ ಮಾತಾಡುತ್ತಲೇ ಇದ್ದಳು, ಟ್ರಾಮ್ ಗಂಟೆ ಬಾರಿಸುತ್ತಿತ್ತು, ನನ್ನ ಗಮನವೆಲ್ಲ ಟೇಪಿನ ಮೇಲೆ. ಇದ್ದಕ್ಕಿದ್ದ ಹಾಗೆ ನನ್ನ ಬಾಯಿಂದ ‘ತೆಗಿ!’ ಅಂತ ಬಂದುಬಿಟ್ಟಿತು. ಅಂಗಡಿಗೆ ಅಂಗಡಿಯೇ ಬೆಚ್ಚಿತು. ಅವನು ಯಾರು ಕೂಗಿದರು ಅಂತಲೂ ನೋಡಲಿಲ್ಲ, ಓಡಿಬಂದು ಹಿಡಿ ಎಳೆದ. ಬೀಜ ತಟ್ಟೆಗೆ ಸುರಿದ ಮೇಲೆ ಇಬ್ಬರೂ ಬಗ್ಗಿ ನೋಡಿದೆವು. ಬಣ್ಣ ಸರಿಯಾಗಿ ನಿಮ್ಮ ಬಣ್ಣ. ‘ಯಜಮಾನ್ರೇ ಬಂದ್ಬಿಟ್ರು ಅಂದ್ಕೊಂಡೆ ಅಕ್ಕಾ’ ಅಂದ, ಮುಖದಲ್ಲಿ ರಕ್ತವೇ ಇರಲಿಲ್ಲ.

ಅಷ್ಟು ವರ್ಷ ನಿಮ್ಮ ಬೆನ್ನ ಹಿಂದೆ ಕೂತು ಓದಿದೆನಲ್ಲ ಅಪ್ಪಾ. ‘ಹೊಗೆ ಹತ್ರ ಬರ್ಬೇಡ, ಓದ್ಕೋ ಹೋಗು’ ಅಂದಿರಿ, ಓದಿದೆ. ಆದರೆ ಕಿವಿ ಮುಚ್ಚಿಕೋ ಅಂತ ನೀವು ಹೇಳಿರಲಿಲ್ಲ. ಬಾಗಿಲು ತೆಗೆಯುವ ಮೊದಲೇ ಸದ್ದಿನಲ್ಲೇ ಲಿಫ್ಟಿನ ಬೇರಿಂಗ್ ಸವೆದಿದೆ ಅಂತ ಹೇಗೆ ಹೇಳ್ತೀಯ ಅಂತ ಆಫೀಸಿನಲ್ಲಿ ಎಲ್ಲರೂ ಕೇಳುತ್ತಾರೆ. ನನಗೇ ಗೊತ್ತಿರಲಿಲ್ಲ. ಇವತ್ತು ಗೊತ್ತಾಯಿತು.

ಹಾಗಂತ ಉಬ್ಬಿಹೋದೆ ಅಂದುಕೊಳ್ಳಬೇಡಿ. ‘ಇನ್ನೊಂದ್ಸಲ ಹಾಕ್ತೀನಿ, ಈ ಸಲ ನೀವೇ ಎದುರಿಗೆ ನಿಂತು ಪೂರ್ತಿ ನೋಡ್ಕೊಳ್ಳಿ’ ಅಂದ. ನಿಂತೆ. ಬೆಂಕಿ ಹೆಚ್ಚು ಮಾಡಿದೆ, ಕಮ್ಮಿ ಮಾಡಿದೆ, ಎದೆ ಡವಡವ ಅನ್ನುವ ಸದ್ದಿನಲ್ಲಿ ಬೀಜದ ಸದ್ದು ಕೇಳಿಸಲೇ ಇಲ್ಲ. ಕರಕಲು. ಅಂಗಡಿ ತುಂಬ ಹೊಗೆ, ಗಿರಾಕಿಗಳೆಲ್ಲ ಕೆಮ್ಮುತ್ತಾ ಆಚೆಗೆ. ನನಗೆ ಅವಮಾನದಿಂದ ನೆಲ ಬಿರಿಯಬಾರದೇ ಅನ್ನಿಸುತ್ತಿದ್ದರೆ ಅವನು ಕಿಟಕಿ ತೆರೆಯುತ್ತಾ ನಗುತ್ತಾನೆ: ‘ಇದೇನ್ ಮಹಾ ಅಕ್ಕಾ, ನಾನು ಮೊದಲ್ನೇ ವರ್ಷ ಎಷ್ಟು ಮೂಟೆ ಸುಟ್ಟಿದ್ದೀನಿ ಅಂತ ಯಜಮಾನ್ರನ್ನ ಕೇಳಿ. ಒಂದ್ ದಿನಾನೂ ಬೈಲಿಲ್ಲ. ನಾಳೆ ನೋಡೋಣ ಬಿಡೋ ಅಂತಿದ್ರು.’

ಆ ಮಾತು ಕೇಳಿದ್ದೇ ಹೋಟೆಲಿಗೆ ಬಂದು ಈ ಕಾಗದ ಬರೆಯಲು ಕೂತೆ. ಅವನಿಗೆ ಹೊರದೇಶದಲ್ಲಿ ಅಂಗಡಿ ಇದೆ, ಇಳಿಜಾರು ಹತ್ತಿಬರುವ ಗಿರಾಕಿಗಳಿದ್ದಾರೆ, ಅದಕ್ಕೆಲ್ಲ ನನಗೆ ಹೊಟ್ಟೆಕಿಚ್ಚಿಲ್ಲ, ದೇವರಾಣೆ. ನೀವು ಅವನಿಗೆ ಸುಡಲು ಬಿಟ್ಟಿರಲ್ಲ, ಅದಕ್ಕೆ. ಮೂಟೆಗಟ್ಟಲೆ ಹಾಳು ಮಾಡಿದರೂ ನಾಳೆ ನೋಡೋಣ ಅಂದಿರಲ್ಲ, ಅದಕ್ಕೆ. ನನ್ನನ್ನು ಓದಿಸಿದಿರಿ, ಸೈಕಲ್ ಕೊಡಿಸಿದಿರಿ, ಕಷ್ಟ ಅನ್ನುವುದು ಗೊತ್ತಾಗದ ಹಾಗೆ ಸಾಕಿದಿರಿ, ಎಲ್ಲ ನಿಜ. ಆದರೆ ಕೆಡಿಸಲಿ ಬಿಡು ಅಂತ ಒಂದು ಹಿಡಿ ಬೀಜ ನನ್ನ ಕೈಗೆ ಕೊಟ್ಟಿರಾ? ಇವಳಿಗೆ ಇದು ಬೇಕಾ ಅಂತ ಒಂದು ಸಲ, ಕಾಟಾಚಾರಕ್ಕಾದರೂ ಸರಿ, ಕೇಳಿದಿರಾ? ನನಗೆ ತುಂಬಾ ಬೇಜಾರಾಗಿದೆ ಅಪ್ಪಾ.

ಸಾಕು, ಮೇಡಂ ಕೆಳಗೆ ಕಾಯುತ್ತಿದ್ದಾರೆ, ಸೂಟ್‌ಕೇಸಿಗೆ ಬೀಗ ಹಾಕಬೇಕಂತೆ. ಅಮ್ಮನಿಗೆ ಕಾಲುನೋವಿನ ಪಟ್ಟಿ ತಂದುಕೊಡುತ್ತೇನೆ ಅಂತ ಹೇಳಿ. ರಾತ್ರಿ ಕಿಟಕಿ ತೆರೆದು ಮಲಗಬೇಡಿ, ಗಾಳಿಗೆ ಕೆಮ್ಮು ಹೆಚ್ಚುತ್ತದೆ. ಇಬ್ಬರ ಕಾಲಿಗೂ ನಮಸ್ಕಾರ ಮಾಡಿದ್ದೇನೆ ಅಂತ ತಿಳಿದುಕೊಳ್ಳಿ. ಕೋಪದಲ್ಲಿ ಬರೆದಿದ್ದರೂ ಪ್ರೀತಿಯಲ್ಲೇ ಬರೆದದ್ದು.

ಇಂತಿ,
ನಿಮ್ಮ ಮಗಳು

ತಾ.ಕ.: ಕೇಳಿದ ಅಳತೆಯನ್ನೇ ಬರೆಯಲಿಲ್ಲ. ಬಾಗಿಲು ನಲವತ್ತೆರಡು ಇಂಚು ಅಗಲ ಇದೆ, ನಮ್ಮ ಮಷಿನ್ ಆರಾಮಾಗಿ ಒಳಗೆ ಹೋಗುತ್ತದೆ. ಮೂವತ್ತು ಅಂತ ಬರೆದುಬಿಟ್ಟರೆ ಕೆಲಸ ಮುಗಿಯಿತಲ್ಲ ಅಂತ ಟೇಪು ಹಿಡಿದುಕೊಂಡು ತುಂಬ ಹೊತ್ತು ಕೂತಿದ್ದೆ, ಸುಳ್ಳೇಕೆ. ಆದರೂ ಕಳಿಸಬೇಡಿ. ಸೋಮವಾರ ಬಡಗಿಗೆ ಬರಬೇಡ ಅನ್ನಿ. ಲಿಫ್ಟಿನ ಕೆಲಸ ಬಿಡುವುದಿಲ್ಲ, ಶನಿವಾರ ಭಾನುವಾರ ಹುರಿಯುತ್ತೇನೆ, ನೀವು ಆಚೆ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಅಲ್ಲಿಂದಲೇ ಬೈಯಿರಿ. ಅವನಿಗೆ ಮಾತ್ರ ನೀವೇ ಫೋನ್ ಮಾಡಿ ಹೇಳಬೇಕು. ಆ ಮೂಲೆಗೆ ಹೊಡೆಸಿದ ಬಣ್ಣ ಇನ್ನೂ ಒಣಗಿಲ್ಲ, ಅವನ ಮುಖ ನೋಡಿಕೊಂಡು ಹೇಳಲು ನನಗೆ ಬಾಯಿ ಬರಲಿಲ್ಲ. ನೀವು ಕೇಳಲಿಲ್ಲ, ನಾನೂ ಹೇಳಲಿಲ್ಲ, ಈಗ ಹೇಳುತ್ತಿದ್ದೇನೆ. ಆ ಮಷಿನ್ ನನಗೆ ಬೇಕು ಅಪ್ಪಾ.