ಮರದ ಸೋದರಮಾವ

ಯಾಟೆ, ನ್ಯೂ ಕ್ಯಾಲೆಡೋನಿಯ
ಆಗಸ್ಟ್ ೧೪

ಪ್ರೀತಿಯ ಅಣ್ಣ ಜೋಸುಯೆಗೆ,

ನಿನ್ನ ತಂಗಿ ನೊಯೆಮಿಯ ನಮಸ್ಕಾರಗಳು. ಅತ್ತಿಗೆಯನ್ನೂ ಮಕ್ಕಳನ್ನೂ ಕೇಳಿದೆನೆಂದು ಹೇಳು. ಏಪ್ರಿಲ್‌ನಲ್ಲಿ ಬರೆದವಳು ಇಷ್ಟು ದಿನ ಸುಮ್ಮನಿದ್ದೆ, ಕ್ಷಮಿಸು. ನೀನಂತೂ ಆ ಕಾಗದಕ್ಕೂ ಉತ್ತರ ಬರೆದವನಲ್ಲ, ಅಲ್ಲಿಗೆ ಇಬ್ಬರದೂ ಸರಿಹೋಯಿತು.

ನಿನ್ನ ಸಿಟ್ಟು ನನಗೆ ಗೊತ್ತು. ನೀನು ಊರವರ ಜೊತೆ ಗಣಿಯ ರಸ್ತೆಗೆ ಅಡ್ಡ ಕೂತೆ. ನಾನು ಅದೇ ಗಣಿಯವರ ಸಸಿ ನರ್ಸರಿಯಲ್ಲಿ ಕೆಲಸಕ್ಕೆ ಸೇರಿದೆ. "ಬೆಟ್ಟ ಬೋಳಿಸಿದೋರ ಅನ್ನ ತಿನ್ನೋಳ ಮನೆಗೆ ನಾನು ಕಾಲಿಡಲ್ಲ" ಎಂದು ಎಲ್ಲರೆದುರು ಹೇಳಿ ಹೋದವನು ಎರಡು ವರ್ಷವಾದರೂ ಇತ್ತ ತಲೆ ಹಾಕಿಲ್ಲ. ನೀನು ಬರಬೇಕು ಅಣ್ಣಾ, ಅದಕ್ಕೇ ಈ ಕಾಗದ. ಆದರೆ ಮೊದಲು ಒಂದು ಮರದ ಸುದ್ದಿ ಹೇಳಿಬಿಡುತ್ತೇನೆ. ಹೇಳದಿದ್ದರೆ ನನಗೆ ನಿದ್ದೆ ಹತ್ತುವುದಿಲ್ಲ.

ಹೋದ ವಾರ ಪೇಟೆಯಿಂದ ಮದಾಮ್ ಕ್ಲೋದ್ ಬಂದಿದ್ದರು, ಗಿಡಮರಗಳ ಬಗ್ಗೆ ಸಂಶೋಧನೆ ಮಾಡುವವರು. ಬೋಳು ಬೆಟ್ಟದಲ್ಲಿ ಯಾವ ಸಸಿ ಬದುಕೀತು ಎಂದು ತಿಳಿಯಲು ಮೇಲಿನ ಕಾಡು ನೋಡಬೇಕೆಂದರು. ಆ ಕಾಡು ಝಕಾರಿ ಅಜ್ಜನ ಕುಲದ್ದಲ್ಲವೇ? ಅವರ ಮುಂದೆ ಬಟ್ಟೆ, ಹೊಗೆಸೊಪ್ಪು ಇಟ್ಟು ಅಪ್ಪಣೆ ಕೇಳಿ, ಅವರನ್ನೇ ಮುಂದಿಟ್ಟುಕೊಂಡು ಹೋದೆವು. ಅಜ್ಜ ದಾರಿಯುದ್ದಕ್ಕೂ ನನ್ನ ಕಾಲೆಳೆಯುತ್ತಿದ್ದರು: "ಏನವ್ವಾ, ಗಣಿಯೋರು ಬೂಟು ಕೊಟ್ಟು ನಡೆಯೋದೇ ಮರೆಸಿಬಿಟ್ರಾ?"

ಮದಾಮ್ ಒಂದು ಮರದ ತೊಗಟೆಯನ್ನು ಚಾಕುವಿನ ತುದಿಯಿಂದ ಗೀರಿದರು. ಅಯ್ಯೋ ಅಣ್ಣಾ, ಏನು ಹೇಳಲಿ! ಮೈಲುತುತ್ತ ಕದಡಿದ ನೀರಿನ ಬಣ್ಣದ ರಸ ಜಿನುಗಿತು. ನೀಲಿಯೂ ಹೌದು, ಹಸಿರೂ ಹೌದು. ಚಿಕ್ಕಂದಿನಿಂದ ಇದೇ ಮರಗಳ ಮಧ್ಯೆ ಸೌದೆ ಹೊತ್ತು ಓಡಾಡಿದ್ದೇನೆ. ಒಳಗೆ ಇಂಥದ್ದು ಹರಿಯುತ್ತಿದೆ ಎಂಬುದೇ ಗೊತ್ತಿರಲಿಲ್ಲ.

"ಇದರಲ್ಲಿರೋದು ನಿಕ್ಕಲ್" ಎಂದರು ಮದಾಮ್. "ನಿಮ್ಮ ಬೆಟ್ಟದ ಲೋಹ. ಬೇರೆ ಗಿಡದ ಮೈಗೆ ಇಷ್ಟು ಸೇರಿದ್ರೆ ಸತ್ತೇ ಹೋಗುತ್ತೆ. ಇದು ಮಣ್ಣಿನ ನೀರಿನ ಜೊತೆ ಅದನ್ನೂ ಹೀರಿ, ನಿಂಬೆಹಣ್ಣಲ್ಲಿ ಇರೋ ಹುಳಿಯನ್ನೇ ಬೆರೆಸಿ ಅದರ ವಿಷ ಅಡಗಿಸಿ, ಮೈತುಂಬ ತುಂಬ್ಕೊಂಡು ಆರಾಮಾಗಿದೆ."

"ಅಷ್ಟೆತ್ತರಕ್ಕೆ ನೀರು ಎತ್ತೋರು ಯಾರು ಮದಾಮ್?" ಎಂದೆ. ನಮ್ಮ ನರ್ಸರಿಯಲ್ಲಿ ಎದೆಮಟ್ಟದ ತೊಟ್ಟಿಗೆ ನೀರೇರಿಸಲು ಡೀಸೆಲ್ ಪಂಪು ಬೇಕು, ಆ ಹಾಳಾದ್ದು ದಿನಾ ಕೆಡುತ್ತದೆ. ಅವರು ನಕ್ಕು ಎಲೆಗಳತ್ತ ಕೈ ತೋರಿಸಿದರು.

"ಎಲೆಯಿಂದ ನೀರು ಆವಿಯಾಗಿ ಹೋಗುತ್ತಲ್ಲ, ಹೋಗ್ತಾ ತನ್ನ ಹಿಂದಿನ ನೀರನ್ನ ಎಳೆಯುತ್ತೆ. ನೀರು ನೀರಿಗೆ ಅಂಟ್ಕೊಂಡಿರುತ್ತೆ. ಕಣ್ಣಿಗೆ ಕಾಣದಷ್ಟು ಸಣ್ಣ ಕೊಳವೆಗಳಲ್ಲಿ, ಬೇರಿನಿಂದ ಎಲೆಯವರೆಗೂ ಒಂದೇ ಎಳೆ. ಆ ಕೊಳವೆಗಳಾದ್ರೂ ಏನು? ಸತ್ತ ಜೀವಕೋಶಗಳು. ಸತ್ತು ಟೊಳ್ಳಾದ ಮೇಲೇ ಅವು ನೀರಿಗೆ ದಾರಿಯಾಗೋದು."

"ನಡುವೆ ಗಾಳಿ ಸೇರಿ ಎಳೆ ಕಡಿದ್ರೆ?"

"ಪಕ್ಕದ ಕೊಳವೆಗೆ ದಾಟಿ, ಸುತ್ತಿಕೊಂಡು ಮೇಲೆ ಹೋಗುತ್ತೆ."

ತಲೆಯೆತ್ತಿ ನೋಡಿದೆ. ಒಂದು ಸದ್ದಿಲ್ಲ. ಇಡೀ ಕಾಡು ನಿಂತಲ್ಲೇ ನೀರು ಎಳೆದುಕೊಳ್ಳುತ್ತಿತ್ತು, ಬೆಟ್ಟವನ್ನೇ ಕರಗಿಸಿ ಕುಡಿಯುತ್ತಿತ್ತು. ಗಣಿಯವರು ಬೆಟ್ಟ ಸೀಳಿ ತೆಗೆಯುವುದನ್ನು ಈ ಮರ ಒಂದು ಕಲ್ಲೂ ಅಲುಗಿಸದೆ ತೆಗೆಯುತ್ತದೆ. ದೇವರೇ, ಎಂಥ ಸೃಷ್ಟಿಯಪ್ಪಾ ಎನ್ನಿಸಿ ಕಣ್ಣಲ್ಲಿ ನೀರು ಬಂತು. ನಗುವುದಿದ್ದರೆ ನಗು.

ಅಷ್ಟರಲ್ಲಿ ಝಕಾರಿ ಅಜ್ಜ ಗದರಿದರು: "ಬಾಯಿ ಬಿಟ್ಕೊಂಡು ನಿಂತ್ರೆ ಆಯ್ತಾ? ರಕ್ತ ಹರಿಸಿದೀರಿ. ಇದರ ಸೋದರಮಾವನಿಗೆ ತಪ್ಪುಕಾಣಿಕೆ ಕೊಡೋರು ಯಾರು?"

ಮದಾಮ್ ನನ್ನ ಮುಖ ನೋಡಿದರು. ನಾನೇ ತಿಳಿಸಿದೆ: ನಮ್ಮ ಮೈಯ ರಕ್ತ ತಾಯಿಯ ಕುಲದ್ದು, ಅದು ಚೆಲ್ಲಿದರೆ ಸೋದರಮಾವನ ಮುಂದೆ ಬಟ್ಟೆ ಇಟ್ಟು ತಲೆ ಬಾಗಬೇಕು.

"ಮರಕ್ಕೆ ಯಾವ ಮಾವ ಅಜ್ಜಾ?" ಎಂದೆ.

"ಈ ರಸ ಎಲ್ಲಿಂದ ಬಂತು ಅಂತ ಈಗ್ತಾನೆ ಆಯಮ್ಮ ಹೇಳ್ಲಿಲ್ವಾ? ಬೆಟ್ಟದಿಂದ. ಬೆಟ್ಟಾನೇ ಇದರ ಮಾವ, ಅದನ್ನೇ ಕ್ಷಮೆ ಕೇಳ್ಕೋ."

ತಲೆಗೆ ಕಟ್ಟಿದ್ದ ವಸ್ತ್ರ ಬಿಚ್ಚಿ ಬುಡದಲ್ಲಿಟ್ಟು, ತಪ್ಪಾಯಿತು ಎಂದೆ. ಮದಾಮ್ ಕೂಡ ತಲೆ ಬಾಗಿಸಿದರು. ಅಜ್ಜ ಸಮಾಧಾನವಾಗಿ, "ಸರಿ, ತಿನ್ನೋಕೇನು ತಂದಿದೀರಿ?" ಎಂದರು.

ಅಣ್ಣಾ, ನೀನು ರಸ್ತೆಗೆ ಅಡ್ಡ ಕೂತಿದ್ದು ಆ ಬೆಟ್ಟಕ್ಕಾಗಿ. ನಾನು ಸಸಿ ನೆಡುತ್ತಿರುವುದೂ ಅದಕ್ಕಾಗಿಯೇ. ಜಗಳ ಆಡುವುದಿದ್ದರೆ ಬಂದು ಆಡು, ಗೆಣಸು ಬೇಯಿಸಿಡುತ್ತೇನೆ. ನಿನ್ನ ಹೊಲಕ್ಕೆ ಹದವಾದ ಮಳೆಯಾಗಲಿ, ಮಕ್ಕಳನ್ನು ದೇವರು ಚೆನ್ನಾಗಿಟ್ಟಿರಲಿ.

ನಿನ್ನ ತಂಗಿ,
ನೊಯೆಮಿ

ವಿ.ಸೂ.: ಇದನ್ನು ಮರೆತು ಕೆಳಗೆ ಬರೆಯುತ್ತಿಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ನೀನು ಸೋದರಮಾವನಾಗುತ್ತೀ ಎಂದು ಏಪ್ರಿಲ್‌ನಲ್ಲಿ ಬರೆದಿದ್ದೆನಲ್ಲ, ಆ ಜೀವ ಜೂನ್‌ನಲ್ಲಿ ರಕ್ತವಾಗಿ ಹೋಯಿತು. "ಇಷ್ಟು ಚಿಕ್ಕದಕ್ಕೆಲ್ಲಾ ಕಾಣಿಕೆ ಯಾಕೆ, ಅದೂ ಮಾತು ಬಿಟ್ಟೋನ ಮುಂದೆ?" ಎಂದು ಅತ್ತೆ ಅಂದರು, ನನ್ನ ಗಂಡನೂ ಸುಮ್ಮನಾದ. ಮರಕ್ಕೆ ಮಾಡಿದಷ್ಟನ್ನೂ ನನ್ನ ಮಗುವಿಗೆ ಯಾರೂ ಮಾಡಲಿಲ್ಲ. ಆ ರಕ್ತ ನಿನ್ನದು ಅಣ್ಣಾ. ನಿನ್ನ ಮುಂದೆ ಇಡಬೇಕಾದ ಬಟ್ಟೆ ನನ್ನ ಹತ್ತಿರವೇ ಇದೆ. ಮನೆಯೊಳಗೆ ಬರದಿದ್ದರೂ ಸರಿ, ಅಂಗಳದಲ್ಲಿ ನಿಂತಾದರೂ ತೆಗೆದುಕೋ.