ಅವಳ ಪರವಾಗಿ ಹೌದು

ಮಾರ್ಚ್ ೧೧, ಮಂಗಳವಾರ

ಖಿನ್ನತೆಯ ರೋಗಿಗಳ ಮನೆಯವರ ಬಗ್ಗೆ ನಾನೂ ನನ್ನ ಶಿಷ್ಯೆಯೂ ಬರೆದ ಲೇಖನವನ್ನು ಸಂಶೋಧನಾ ಪತ್ರಿಕೆಯವರು ಕೊನೆಗೂ ಒಪ್ಪಿದರು. ನನ್ನ ಪ್ರಕಟಣೆಗಳ ಪಟ್ಟಿಗೆ ಇನ್ನೊಂದು ಸೇರಿತು. ಯಾರಿಗೆ ಬೇಕಿತ್ತು.

ಸಂಜೆ ಅವಳ ಅಪ್ಪ ಫೋನ್ ಮಾಡಿದ್ದರು. ಮಗಳು ತೀರಿಕೊಂಡ ಮೇಲೆ ಅವಳ ಮೊಬೈಲ್ ಅವರ ಹತ್ತಿರವೇ ಇದೆ.

"ಮೇಡಂ, ಈ ಲೇಖನ ಬರೆದವರಲ್ಲಿ ನೀವೂ ಒಬ್ಬರಾ ಅಂತ ಪತ್ರಿಕೆಯವರಿಂದ ಅವಳಿಗೆ ಮೇಲ್ ಬಂದಿತ್ತು. ಹೌದು ಅಂತ ಒತ್ತಿಬಿಟ್ಟೆ. ತಪ್ಪಾಯ್ತಾ?"

"ಇಲ್ಲ. ಅವಳೇ ತಾನೇ ಬರೆದಿದ್ದು."

"ಇನ್ನೂ ಇಂಥವು ಬರ್ತವಾ?"

ಇದೇ ಕೊನೆಯದು ಎನ್ನಲು ಬಾಯಿ ಬರಲಿಲ್ಲ. ಬರಬಹುದು ಎಂದುಬಿಟ್ಟೆ.

"ಹಾಗಾದ್ರೆ ಚಾರ್ಜ್ ಹಾಕಿಟ್ಟಿರ್ತೀನಿ."

ಇಷ್ಟು ವರ್ಷ ಮನಸ್ಸಿನ ಬಗ್ಗೆ ಬರೆದು ಗುಡ್ಡೆ ಹಾಕಿದ್ದೇನೆ. ನಾಳೆ ಎದ್ದೊಡನೆ ಅವರು ಆ ಮೊಬೈಲನ್ನೇ ನೋಡುತ್ತಾರೆ. ನಾನೇ ಅವಳಿಗೊಂದು ಮೇಲ್ ಕಳಿಸಿದರೆ ಹೇಗೆ?